ತಳಿಯ ಹೆಸರು ಗೊತ್ತಾಯಿತು, ಸಾಕಿದವರು ಯಾರು?

ಬೆಳಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಇದ್ದರೆ ಇವತ್ತು ಬೇರೆ ಕೆಲಸ ಆಗುವುದಿಲ್ಲ.

ನಾಯಿ ಡಾಕ್ಟರ ಹತ್ತಿರ ಹೋಗಿದ್ದೆ. ಕಾಯುವ ಜಾಗದಲ್ಲಿ ರಾಟ್‌ವೀಲರ್ ತಳಿಯ ಒಂದು ದೊಡ್ಡ ನಾಯಿ ಇತ್ತು. ಕಚ್ಚದಂತೆ ಬಾಯಿಗೆ ಕುಕ್ಕೆ ಹಾಕಿದ್ದರು, ಬೆಲ್ಟ್ ಗಿಡ್ಡ ಹಿಡಿದಿದ್ದರು, ಅದು ಪಾಪ ಮಾಲೀಕರ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಎದುರಿನ ಕುರ್ಚಿಯಲ್ಲಿ ಒಬ್ಬರ ತೊಡೆಯ ಮೇಲೆ ಒಂದು ಪುಟ್ಟ ಬಿಳಿ ನಾಯಿ. ಆಗ ಒಳಗೆ ಬಂದ ತಾಯಿಯೊಬ್ಬರು ರಾಟ್‌ವೀಲರನ್ನು ನೋಡಿದ್ದೇ ತಡ, ಮಗುವನ್ನು ಎಳೆದುಕೊಂಡು ಹೋಗಿ ಬಿಳಿ ನಾಯಿಯ ಪಕ್ಕ ಕೂತರು. ಮಗು ಕೈ ಚಾಚಿತು. ಬಿಳಿ ನಾಯಿ ಮುಖ ಆಚೆ ತಿರುಗಿಸಿತು, ಮೈ ಬಿಗಿ ಮಾಡಿತು, ತುಟಿ ಎತ್ತಿ ಹಲ್ಲು ತೋರಿಸಿತು. ಯಾರೂ ಗಮನಿಸಲಿಲ್ಲ. ಮಗು ಮತ್ತೆ ಕೈ ಹಾಕಿತು, ನಾಯಿ ಗಬಕ್ಕನೆ ಬಾಯಿ ಹಾಕಿತು. ಬೆರಳಿಗೆ ತಾಗಲಿಲ್ಲ, ಅದೃಷ್ಟ. ಕೂತವರೆಲ್ಲ ನಕ್ಕರು. "ಎಷ್ಟು ಕೋಪ ನೋಡಿ ಇದಕ್ಕೆ!" ಎಂದು ಒಬ್ಬರು ಅದನ್ನು ಮುದ್ದು ಬೇರೆ ಮಾಡಿದರು. ಆಮೇಲೆ ಆ ತಾಯಿ ರಾಟ್‌ವೀಲರ್ ಕಡೆ ನೋಡಿಕೊಂಡು ಹೇಳಿದರು, "ಇಂಥ ಬ್ರೀಡ್‌ಗಳನ್ನೆಲ್ಲ ಬ್ಯಾನ್ ಮಾಡಬೇಕು."

ರಾಟ್‌ವೀಲರ್ ಆಗಲೂ ಮಲಗೇ ಇತ್ತು.

ಮನೆ ಸಿಗುವ ತನಕ ನಾಯಿಗಳನ್ನು ನನ್ನ ಹತ್ತಿರ ಇಟ್ಟುಕೊಳ್ಳುವುದು ನಿಮಗೆಲ್ಲ ಗೊತ್ತೇ ಇದೆ. ನನ್ನ ಸೋಫಾದ ಗತಿಯೂ ಗೊತ್ತು. ಹಾಗಾಗಿ ಈ ವಿಷಯದಲ್ಲಿ ನಾನು ಯಾವ ಪಕ್ಷ ಅಂತ ಕೇಳಬೇಕಾಗಿಲ್ಲ. ಆದರೆ "ಯಾವ ನಾಯಿಯೂ ಅಪಾಯ ಅಲ್ಲ, ಪ್ರೀತಿ ಕೊಟ್ಟರೆ ಸಾಕು" ಎಂದು ಹೇಳುವ ಗುಂಪಿನಲ್ಲೂ ನಾನಿಲ್ಲ. ನಾಯಿ ಕಚ್ಚುತ್ತದೆ. ದೊಡ್ಡ ನಾಯಿ ಕಚ್ಚಿದರೆ ಸಾವೇ ಆಗಬಹುದು. ನಾನು ಕೇಳುವುದು ಬೇರೆ ಪ್ರಶ್ನೆ. ಪ್ರತಿ ಸಲ ನಾಯಿ ಕಚ್ಚಿದ ಸುದ್ದಿ ಬಂದಾಗ ತಳಿಯ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತದಲ್ವಾ, ಅದನ್ನು ಸಾಕಿದವರು ಏನು ಮಾಡುತ್ತಿದ್ದರು ಎನ್ನುವುದು ಯಾಕೆ ಬರುವುದೇ ಇಲ್ಲ?

ಅಮೆರಿಕದಲ್ಲಿ 2000ದಿಂದ 2009ರ ತನಕ ನಾಯಿ ಕಚ್ಚಿ ಜನ ಸತ್ತ 256 ಪ್ರಕರಣಗಳನ್ನು ಒಂದು ತಂಡ ಒಂದೊಂದಾಗಿ ಬಿಡಿಸಿ ನೋಡಿತು. ಸುಮ್ನೆ ಪೇಪರ್ ಕಟಿಂಗ್ ಓದಿ ಬಿಡಲಿಲ್ಲ, ತನಿಖೆ ಮಾಡಿದ ಪೊಲೀಸರ ಹತ್ತಿರ, ನಾಯಿ ಹಿಡಿಯುವ ಇಲಾಖೆಯವರ ಹತ್ತಿರ ಮಾತಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ನಾನು ಸಿಕ್ಕವರಿಗೆಲ್ಲ ಅದರ ಬಗ್ಗೆ ಹೇಳುತ್ತಾ ಬಂದಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ನೂರಕ್ಕೆ 87 ಪ್ರಕರಣಗಳಲ್ಲಿ ಹತ್ತಿರದಲ್ಲಿ ನಾಯಿಯನ್ನು ಬಿಡಿಸುವ ಶಕ್ತಿ ಇದ್ದ ಯಾರೂ ಇರಲಿಲ್ಲ. 85ರಲ್ಲಿ ಸತ್ತವರಿಗೂ ಆ ನಾಯಿಗೂ ಒಡನಾಟ ಇರಲಿಲ್ಲ. 84ರಲ್ಲಿ ನಾಯಿಗೆ ಸಂತಾನಹರಣ ಆಪರೇಶನ್ ಮಾಡಿಸಿರಲಿಲ್ಲ. 77ರಲ್ಲಿ ಸತ್ತವರು ತಪ್ಪಿಸಿಕೊಳ್ಳಲು ಆಗದವರು, ತೀರಾ ಚಿಕ್ಕ ಮಗುವೋ, ಕೈಲಾಗದ ದೊಡ್ಡವರೋ. 76ರಲ್ಲಿ ನಾಯಿ ಮನೆಯವರ ಜೊತೆ ಬೆರೆತು ಬೆಳೆದದ್ದೇ ಅಲ್ಲ, ಎಲ್ಲೋ ಹಿತ್ತಲಲ್ಲಿ ಕಟ್ಟಿಯೋ ಕೂಡಿಯೋ ಹಾಕಿ ಇಟ್ಟದ್ದು. ಇಂಥ ಕಾರಣಗಳಲ್ಲಿ ನಾಲ್ಕು ಅಥವಾ ಜಾಸ್ತಿ ಒಟ್ಟಿಗೆ ಸೇರಿದ ಪ್ರಕರಣಗಳು ನೂರಕ್ಕೆ 80. ತಳಿ ಯಾವುದು ಎಂದು ನಂಬುವಂತೆ ಖಚಿತ ಮಾಡಲು ಆದದ್ದು ನೂರಕ್ಕೆ 18 ಕೂಡ ಇಲ್ಲ.

ಅಂದರೆ ಆ ಸಾವುಗಳಲ್ಲಿ ನಮಗೆ ಅತಿ ಕಡಿಮೆ ಗೊತ್ತಿರುವುದು ತಳಿ. ನಾವು ಅತಿ ಜೋರಾಗಿ ಹೇಳುವುದೂ ಅದನ್ನೇ.

ತಳಿ ನೋಡಿದರೆ ಗೊತ್ತಾಗುತ್ತದೆ ಬಿಡಿ ಅನ್ನುವವರಿಗೆ ಇನ್ನೊಂದು. ಅಮೆರಿಕದ ಫ್ಲಾರಿಡಾದ ನಾಲ್ಕು ನಾಯಿ ಆಶ್ರಯಗಳಲ್ಲಿ 120 ನಾಯಿಗಳನ್ನು ದಿನಾ ನಾಯಿಗಳ ನಡುವೆಯೇ ಕೆಲಸ ಮಾಡುವ ಸಿಬ್ಬಂದಿಗೆ ತೋರಿಸಿದರು. ಅವರಲ್ಲಿ ಒಬ್ಬರಾದರೂ ಪಿಟ್‌ಬುಲ್ ಜಾತಿಯದು ಎಂದು ಹೇಳಿದ ನಾಯಿಗಳು 62. ಡಿಎನ್‌ಎ ಪರೀಕ್ಷೆಯಲ್ಲಿ ಹಾಗೆ ಬಂದದ್ದು 25. ಅನುಭವ ಇರುವವರ ಕಣ್ಣೇ ಹೀಗಾದರೆ, ಗೇಟಿನ ಆಚೆಯಿಂದ ನೋಡಿದ ಪಕ್ಕದ ಮನೆಯವರ ಮಾತು ನಂಬಿ ಸುದ್ದಿ ಬರೆಯುವುದು ಹೇಗೆ? ಅಗಲ ತಲೆ, ಗಿಡ್ಡ ಕೂದಲು, ಎದೆ ಉಬ್ಬಿದ್ದರೆ ಸಾಕು, ಪಿಟ್‌ಬುಲ್. ಪಿಟ್‌ಬುಲ್ ಅಂತ ಕರೆಯುವುದು ಒಂದೇ ತಳಿಯನ್ನೂ ಅಲ್ಲ, ಮೂರು ನಾಲ್ಕು ತಳಿಗಳನ್ನು, ಅವುಗಳ ಮಿಶ್ರಣವನ್ನು, ಹಾಗೆ ಕಾಣುವ ಇನ್ನೆಷ್ಟೋ ನಾಯಿಗಳನ್ನು ಸೇರಿಸಿ.

ನನ್ನ ಹತ್ತಿರ ಒಂದು ಕಂದು ನಾಯಿ ಇತ್ತು, ಹಳೆಯ ಗೆಳೆಯರಿಗೆ ನೆನಪಿರಬಹುದು. ಅದರ ಫೈಲಿನಲ್ಲಿ ಯಾರೋ "ಪಿಟ್‌ಬುಲ್ ಮಿಕ್ಸ್" ಎಂದು ಬರೆದುಬಿಟ್ಟಿದ್ದರು. ಬರೀ ಊಹೆ. ಜನ ಫೋನ್ ಮಾಡುತ್ತಿದ್ದರು, ಸ್ವಭಾವ ಕೇಳಿ ಖುಷಿಪಡುತ್ತಿದ್ದರು, ಫೋಟೋ ಕಳಿಸಿ ಅನ್ನುತ್ತಿದ್ದರು. ಫೋಟೋ ಹೋದ ಮೇಲೆ ಮೌನ. ಆ ಎರಡು ಪದ ಅದರ ಕುತ್ತಿಗೆಗೆ ನೇತುಬಿದ್ದಿತ್ತು. ಕೊನೆಗೆ ಅದಕ್ಕೆ ಮನೆ ಸಿಕ್ಕಿತು, ಚೆನ್ನಾಗಿದೆ. ಆದರೆ ಆ ತಿಂಗಳುಗಳಲ್ಲಿ ನಾನು ಎಷ್ಟು ರಾತ್ರಿ ಅತ್ತಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ. ಅದು ಬಾಗಿಲ ಹತ್ತಿರ ಸದ್ದಾದಾಗಲೆಲ್ಲ ಬಾಲ ಅಲ್ಲಾಡಿಸಿಕೊಂಡು ಓಡುತ್ತಿತ್ತು. ಅದಕ್ಕೆ ಏನು ಹೇಳಲಿ ನಾನು?

ಸರಿ, ಎದುರು ವಾದಕ್ಕೆ ಬರುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಬಂದೇ ಬರುತ್ತದೆ. ಅಮೆರಿಕದಲ್ಲೇ 1979ರಿಂದ 1998ರ ತನಕ ನಾಯಿ ಕಚ್ಚಿ ಆದ ಸಾವುಗಳ ಲೆಕ್ಕದಲ್ಲಿ, ತಳಿ ವರದಿಯಾಗಿದ್ದ 238 ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಟ್‌ಬುಲ್ ಮತ್ತು ರಾಟ್‌ವೀಲರ್ ಹೆಸರಲ್ಲಿದ್ದವು. ಈ ಒಂದು ಸಾಲನ್ನು ಎಲ್ಲರೂ ಹಂಚುತ್ತಾರೆ. ಅದೇ ವರದಿ ಬರೆದವರು ಮುಂದೆ ಏನು ಹೇಳಿದ್ದರು ಎನ್ನುವುದನ್ನು ಯಾರೂ ಹಂಚುವುದಿಲ್ಲ. ಯಾವ ತಳಿಯ ನಾಯಿಗಳು ಒಟ್ಟು ಎಷ್ಟಿವೆ ಎಂದು ಗೊತ್ತಿಲ್ಲದೆ ಯಾವ ತಳಿ ಎಷ್ಟು ಅಪಾಯ ಎಂದು ಲೆಕ್ಕ ಹಾಕಲು ಆಗುವುದಿಲ್ಲ ಎಂದು ಅವರೇ ಎಚ್ಚರಿಸಿದ್ದರು. ಇನ್ನೊಂದು ವಿಷಯವೂ ಅದರಲ್ಲಿದೆ. ತಳಿಗಳ ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1979-80ರಲ್ಲಿ ಇಂಥ ಸಾವುಗಳಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಗ್ರೇಟ್ ಡೇನ್ ಎನ್ನುವ ಎತ್ತರದ ತಳಿ! ಇವತ್ತು ಗ್ರೇಟ್ ಡೇನ್ ಕಂಡರೆ ಯಾರಾದರೂ ರಸ್ತೆ ದಾಟುತ್ತಾರಾ? ಇಪ್ಪತ್ತು ವರ್ಷದೊಳಗೆ ಅದರ ರಕ್ತ ಬದಲಾಯಿತಾ, ಇಲ್ಲ ಅದನ್ನು ಸಾಕುವವರು ಬದಲಾದರಾ?

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ. ಒಂದು ತಳಿಗೆ ಕೆಟ್ಟ ಹೆಸರು ಬಂದ ಕೂಡಲೇ ಒಳ್ಳೆಯವರು ಅದನ್ನು ಸಾಕಲು ಹಿಂಜರಿಯುತ್ತಾರೆ. ಊರವರನ್ನು ಹೆದರಿಸಬೇಕು ಎಂದು ನಾಯಿ ಸಾಕುವವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಅಂಥವರಿಗೆ ಬೇಕಾದ ಮರಿಗಳನ್ನು, ತಾಯಿ ನಾಯಿಯ ಸ್ವಭಾವ ನೋಡದೆ, ದುಡ್ಡಿಗಾಗಿ ಹುಟ್ಟಿಸುವವರು ಹುಟ್ಟಿಕೊಳ್ಳುತ್ತಾರೆ. ಆ ಮರಿಗಳನ್ನು ಬೇಗ ತಾಯಿಯಿಂದ ಬಿಡಿಸಿ, ಸರಪಳಿಯಲ್ಲಿ ಕಟ್ಟಿ, ಹೊಡೆದು, ಕೆರಳಿಸಿ ಬೆಳೆಸುತ್ತಾರೆ. ಅವು ಕಚ್ಚುತ್ತವೆ. ಆಗ ಎಲ್ಲರೂ "ನೋಡಿ, ಹೇಳಲಿಲ್ವಾ?" ಅನ್ನುತ್ತಾರೆ. ಹೆಸರು ಇನ್ನೂ ಕೆಡುತ್ತದೆ. ಹೆಸರು ಕೆಟ್ಟಷ್ಟೂ ಅಂಥವರಿಗೆ ಆ ನಾಯಿ ಇನ್ನೂ ಬೇಕು.

ಬ್ಯಾನ್ ಮಾಡಿದವರ ಕಥೆ ನೋಡಿ. ಬ್ರಿಟನ್ 1991ರಲ್ಲೇ ಕಾನೂನು ತಂದು ಪಿಟ್‌ಬುಲ್ ಟೆರಿಯರ್, ಜಪಾನಿನ ತೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೈರೊ, ಈ ನಾಲ್ಕನ್ನು ನಿಷೇಧಿಸಿತು. ಆಮೇಲೆ ಇಂಗ್ಲೆಂಡಿನಲ್ಲಿ ನಾಯಿ ಕಚ್ಚಿ ಆಸ್ಪತ್ರೆ ಸೇರುವವರ ಪ್ರಮಾಣ ಇಳಿಯಲಿಲ್ಲ. 1998ರಿಂದ 2018ರೊಳಗೆ ಅದು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಹೆದರಿಸುವ ನಾಯಿ ಬೇಕಿದ್ದವರಿಗೆ ಎಕ್ಸ್‌ಎಲ್ ಬುಲ್ಲಿ ಎನ್ನುವ ಹೊಸ, ಇನ್ನೂ ದೊಡ್ಡ ನಾಯಿ ಸಿಕ್ಕಿತು. ಕೊನೆಗೆ ಅದನ್ನೂ ಪಟ್ಟಿಗೆ ಸೇರಿಸಿದರು, 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಮುಂದಿನದು ಯಾವುದು? ನೆದರ್‌ಲ್ಯಾಂಡ್ಸ್ ಕೂಡ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿತ್ತು. ಕಚ್ಚುವುದು ಕಡಿಮೆಯಾಗಲಿಲ್ಲ ಎಂದು 2008ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. ಇಟಲಿ ಉದ್ದುದ್ದ ಪಟ್ಟಿ ಮಾಡಿ ನೋಡಿತು. 2009ರಲ್ಲಿ ಆ ಪಟ್ಟಿಯನ್ನೇ ತೆಗೆದು ಹಾಕಿ ಹೊಣೆಯನ್ನು ಮಾಲೀಕರ ತಲೆಗೆ ಹೊರಿಸಿತು. ಕೆನಡಾದ ಕ್ಯಾಲ್ಗರಿ ನಗರ ತಳಿಯ ತಂಟೆಗೇ ಹೋಗಲಿಲ್ಲ. ಪ್ರತಿ ನಾಯಿಗೂ ಲೈಸೆನ್ಸ್, ನಾಯಿ ತಪ್ಪು ಮಾಡಿದರೆ ಮಾಲೀಕರಿಗೆ ಭಾರೀ ದಂಡ. ನಾಯಿ ಪುಟ್ಟ ಚಿವಾವಾ ಆದರೂ ಅಷ್ಟೇ, ದೈತ್ಯ ಮ್ಯಾಸ್ಟಿಫ್ ಆದರೂ ಅಷ್ಟೇ. ನಾನು ಕೇಳುವುದು ಇದನ್ನೇ, ಇದರಲ್ಲಿ ಕಷ್ಟ ಏನಿದೆ?

"ಆದರೆ ಕಾದಾಟಕ್ಕೆಂದೇ ಬೆಳೆಸಿದ ತಳಿ, ರಕ್ತದಲ್ಲೇ ಇರುತ್ತದೆ" ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟ ಇತ್ತು, 1835ರಲ್ಲಿ ಅದನ್ನು ನಿಲ್ಲಿಸಿದ ಮೇಲೆ ಅದೇ ನಾಯಿಗಳನ್ನು ಒಂದರ ಮೇಲೊಂದು ಕಾದಾಟಕ್ಕೆ ಬಿಟ್ಟರು, ನಿಜ. ಅಂಥ ನಾಯಿಗಳ ವಂಶದವು ಬೇರೆ ನಾಯಿಗಳ ಜೊತೆ ಹುಷಾರಾಗಿರಬೇಕು, ಅದನ್ನೂ ಒಪ್ಪುತ್ತೇನೆ. ನಾಯಿಯ ಮೇಲೆ ಬೀಳುವುದು ಬೇರೆ, ಮನುಷ್ಯರ ಮೇಲೆ ಬೀಳುವುದು ಬೇರೆ. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕೇಲ್ ವಿಕ್ ನಾಯಿ ಕಾಳಗದ ಕೇಸಿನಲ್ಲಿ ಸಿಕ್ಕಿಬಿದ್ದಾಗ ಸುಮಾರು 50 ಪಿಟ್‌ಬುಲ್‌ಗಳು ಸಿಕ್ಕವು. ರಕ್ತದ ವಾದ ನಿಜವಾಗಿದ್ದರೆ ಅವುಗಳಲ್ಲೇ ಕಾಣಬೇಕಿತ್ತು. ಎಲ್ಲವನ್ನೂ ಕೊಂದುಬಿಡಿ ಎಂದು ಹೇಳಿದವರಿದ್ದರು. ಒಂದೊಂದನ್ನೂ ಪರೀಕ್ಷೆ ಮಾಡಿ ನೋಡಿದಾಗ ಹೆಚ್ಚಿನವು ಉಳಿದವು. ಕೆಲವು ಆಶ್ರಯದಲ್ಲೇ ಇದ್ದವು, ಹಲವು ಮನೆಗಳಿಗೆ ಹೋದವು, ರೋಗಿಗಳಿಗೆ ಸಮಾಧಾನ ಕೊಡುವ ಥೆರಪಿ ನಾಯಿಗಳಾದವೂ ಇವೆ.

2022ರಲ್ಲಿ ಸೈನ್ಸ್ ಎನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18 ಸಾವಿರಕ್ಕೂ ಜಾಸ್ತಿ ನಾಯಿಗಳ ಬಗ್ಗೆ ಮಾಲೀಕರ ಉತ್ತರ, 2 ಸಾವಿರಕ್ಕೂ ಜಾಸ್ತಿ ನಾಯಿಗಳ ಡಿಎನ್‌ಎ. ಒಂದು ನಾಯಿ ಇನ್ನೊಂದಕ್ಕಿಂತ ಬೇರೆಯಾಗಿ ನಡೆದುಕೊಳ್ಳುವುದರಲ್ಲಿ ತಳಿಯಿಂದ ವಿವರಿಸಲು ಆಗುವುದು ನೂರಕ್ಕೆ ಸುಮಾರು 9 ಪಾಲು ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾತ್ರ ಸ್ವಲ್ಪ ಜಾಸ್ತಿ ಕಂಡಿತು. ಎಷ್ಟು ಬೇಗ ಕೆರಳುತ್ತದೆ ಎನ್ನುವುದನ್ನು ತಳಿಯಿಂದ ಹೇಳುವುದು ಹೆಚ್ಚುಕಡಿಮೆ ಸಾಧ್ಯವೇ ಇಲ್ಲ. ಅದಕ್ಕೂ ಮೊದಲು, 2008ರ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರ ಮೇಲೆ ಸಿಡುಕುವುದರಲ್ಲಿ ಮುಂದೆ ಇದ್ದವು ಯಾವುವು ಗೊತ್ತಾ? ಡ್ಯಾಶ್‌ಹಂಡ್, ಚಿವಾವಾ, ಜ್ಯಾಕ್ ರಸೆಲ್ ಟೆರಿಯರ್. ಮೂರೂ ಚಿಕ್ಕ ನಾಯಿಗಳು.

ಚಿಕ್ಕ ನಾಯಿ ಕಚ್ಚಿದರೆ ಸಾಮಾನ್ಯವಾಗಿ ಗಾಯ ಚಿಕ್ಕದು, ರಾಟ್‌ವೀಲರ್ ಕಚ್ಚಿದರೆ ಆಪರೇಶನ್ನೇ ಬೇಕಾಗಬಹುದು, ಗೊತ್ತು. ಅದಕ್ಕೇ ದೊಡ್ಡ ನಾಯಿ ಸಾಕುವವರ ಹೊಣೆ ಜಾಸ್ತಿ ಅನ್ನುವುದು. ನಲವತ್ತು ಕೆಜಿ ನಾಯಿಯನ್ನು ಹಿಡಿಯುವ ಶಕ್ತಿ, ಸಮಯ, ತಾಳ್ಮೆ ಇಲ್ಲದಿದ್ದರೆ ಸಾಕಬೇಡಿ. ಗಾತ್ರ ನೋಡಿ ನಿಯಮ ಮಾಡುವುದಾದರೆ ನಾನು ಮೊದಲು ಸಹಿ ಹಾಕುತ್ತೇನೆ. ಆದರೆ ಗಾತ್ರದಲ್ಲಿ ಎಲ್ಲರ ಮುದ್ದಿನ ಲ್ಯಾಬ್ರಡಾರ್ ಕೂಡ ಬರುತ್ತದೆ, ಗೋಲ್ಡನ್ ರಿಟ್ರೀವರ್ ಕೂಡ ಬರುತ್ತದೆ. ಆ ಮಾತಿಗೆ ಮಾತ್ರ ಯಾರೂ ಸಿದ್ಧರಿಲ್ಲ! ಇನ್ನು ಪಿಟ್‌ಬುಲ್ ದವಡೆ ಕಚ್ಚಿದರೆ ಲಾಕ್ ಆಗುತ್ತದೆ ಎನ್ನುವ ಕಥೆ ದಯವಿಟ್ಟು ನಿಲ್ಲಿಸಿ. ಅಂಥ ಲಾಕ್ ಯಾವ ನಾಯಿಯ ದವಡೆಯಲ್ಲೂ ಇಲ್ಲ.

ಮರಿಗೆ ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದ ತನಕ ಒಂದು ಸಮಯ ಇದೆ. ಆಗ ಅದು ನೋಡಿದ ಮನುಷ್ಯರು, ಮಕ್ಕಳು, ಸದ್ದು, ಬೇರೆ ನಾಯಿಗಳು, ಇವೆಲ್ಲ ಅದಕ್ಕೆ ಮುಂದೆ ಸಹಜ ಅನಿಸುತ್ತವೆ. ಆ ವಾರಗಳನ್ನು ಪಂಜರದಲ್ಲಿ ಕಳೆದ ಮರಿಗೆ ಲೋಕವೆಲ್ಲ ಶತ್ರು. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಹೆದರುವುದನ್ನು ಬಿಡುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತದೆ. ಆಗ ಮಾಲೀಕರು ಬಂದು "ಏನೂ ಕಾರಣ ಇಲ್ಲದೆ ಕಚ್ಚಿತು, ಈ ಬ್ರೀಡೇ ಹಾಗೆ" ಅನ್ನುತ್ತಾರೆ. ನನ್ನ ರಕ್ತ ಕುದಿಯುವುದು ಈ ಮಾತಿಗೆ. ಎರಡು ವರ್ಷ ಹಿತ್ತಲಲ್ಲಿ ಕಟ್ಟಿ ಹಾಕಿದ್ದು ಯಾರು? ಮಗುವನ್ನು ಅದರ ಹತ್ತಿರ ಒಂಟಿಯಾಗಿ ಬಿಟ್ಟು ಒಳಗೆ ಹೋದದ್ದು ಯಾರು? ನಾಯಿಗೆ ಇಂಜೆಕ್ಷನ್ ಕೊಟ್ಟು ಸಾಯಿಸಿ ಆಗುತ್ತದೆ, ಅವರು ಆರು ತಿಂಗಳಲ್ಲಿ ಇನ್ನೊಂದು ಮರಿ ತರುತ್ತಾರೆ. ಆ ಮರಿಯೂ ಅದೇ ಹಿತ್ತಲಿಗೆ ಹೋಗುತ್ತದೆ.

ಮಗು ಕಳೆದುಕೊಂಡ ತಂದೆ ತಾಯಿಯ ಮುಂದೆ ಹೋಗಿ ನಾನು ಈ ಅಂಕಿಗಳನ್ನು ಓದುವುದಿಲ್ಲ. ಅವರಿಗೆ ಯಾವ ನಾಯಿಯ ಮೇಲೂ ಎಷ್ಟು ಬೇಕಾದರೂ ಸಿಟ್ಟು ಇಟ್ಟುಕೊಳ್ಳುವ ಹಕ್ಕಿದೆ. ನಾನು ಮಾತಾಡುತ್ತಿರುವುದು ನಮ್ಮಂಥ ಉಳಿದವರ ಜೊತೆ, ಸುದ್ದಿ ಓದಿ ಎರಡು ನಿಮಿಷದಲ್ಲಿ ತೀರ್ಪು ಕೊಡುವವರ ಜೊತೆ.

ಮತ್ತೆ ಇಂಥ ಸುದ್ದಿ ಬಂದಾಗ ನನ್ನನ್ನು ಟ್ಯಾಗ್ ಮಾಡುತ್ತೀರಿ, ಮಾಡಿ. ಆದರೆ ಮೊದಲು ಇಷ್ಟನ್ನು ಹುಡುಕಿ ಬನ್ನಿ. ಆ ನಾಯಿಯನ್ನು ದಿನವಿಡೀ ಎಲ್ಲಿ ಇಡುತ್ತಿದ್ದರು? ಅದರ ಮೇಲೆ ಮೊದಲು ದೂರು ಬಂದಿತ್ತಾ, ಬಂದಿದ್ದರೆ ಮಾಲೀಕರು ಏನು ಮಾಡಿದರು? ಕಚ್ಚುವಾಗ ಹತ್ತಿರ ದೊಡ್ಡವರು ಯಾರಿದ್ದರು? ಅದು ಆ ತಳಿಯದೇ ಎಂದು ಹೇಳಿದ್ದು ಯಾರು, ನೋಡಿ ಹೇಳಿದ್ದಾ ಪರೀಕ್ಷೆ ಮಾಡಿಸಿ ಹೇಳಿದ್ದಾ? ಇವುಗಳಲ್ಲಿ ಎರಡಕ್ಕೆ ಉತ್ತರ ತಂದರೂ ಸಾಕು, ಕೂತು ರಾತ್ರಿಯಿಡೀ ಮಾತಾಡಲು ನಾನು ಸಿದ್ಧ.