ಮೆಟ್ಟಿಲ ಕೆಳಗಿನ ಪೀಠ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟ್. ಎ ಬ್ಲಾಕ್, ಬಿ ಬ್ಲಾಕ್ ಸೇರಿ ಹತ್ತು ಮನೆ, ಎಲ್ಲರಿಗೂ ಒಂದೇ ಇಂಟರ್‌ನೆಟ್. ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಕೇಳಲು ಮೆಟ್ಟಿಲು ಹತ್ತಿ ಇಳಿಯೋದು ಯಾಕೆ, ಒಬ್ಬರ ದನಿಯನ್ನು ಎಲ್ಲರ ಫೋನಿಗೂ ಹಂಚುವ ನಮ್ಮದೇ ವಾಯ್ಸ್ ಚಾಟ್ ಸರ್ವರ್ ಇರಲಿ ಅಂತ ಸಂಘ ಐದೇ ನಿಮಿಷದಲ್ಲಿ ಒಪ್ಪಿತು. ಅದನ್ನು ಎಲ್ಲಿಡಬೇಕು ಅನ್ನೋದಕ್ಕೆ ಮೂರು ಭಾನುವಾರ ಹೋದವು.

ಇಂಜಿನಿಯರಿಂಗ್ ಓದುವ ಹುಡುಗ ಮೊದಲ ದಿನವೇ ಹೇಳಿದ್ದ. ಮಂಬಲ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಪೇಢೆ ಡಬ್ಬಿಗಿಂತ ಸಣ್ಣ ರಾಸ್ಪ್‌ಬೆರಿ ಪೈ ಅನ್ನೋ ಕಂಪ್ಯೂಟರ್ ಸಾಕು. ಎ ಬ್ಲಾಕಿನ ಮೆಟ್ಟಿಲ ಕೆಳಗೆ ರೂಟರ್ ಇದೆಯಲ್ಲ, ಅದರ ಪಕ್ಕ ಇಟ್ಟು ಕೇಬಲ್ ಚುಚ್ಚಿದರೆ ಮುಗೀತು. ದೂರ ಇಟ್ಟು ವೈಫೈ ನಂಬಿದರೆ ದನಿ ತುಂಡು ತುಂಡಾಗಬಹುದು.

ಯಾರು ಕೇಳಬೇಕು? ಕೆಲಸಕ್ಕೆ ಅನುಕೂಲ ಅಂತ ಜಾಗ ಆರಿಸೋದು ನಮ್ಮಲ್ಲಿ ಪದ್ಧತಿಯಲ್ಲ. ರೈಲ್ವೆ ವಲಯ ಹುಬ್ಬಳ್ಳಿಗೆ, ಹೈಕೋರ್ಟ್ ಪೀಠ ಧಾರವಾಡಕ್ಕೆ, ವಿಮಾನ ಅಲ್ಲಿಗೆ, ಐಐಟಿ ಇಲ್ಲಿಗೆ ಅಂತ ಎಣಿಸುತ್ತಾ ಬೆಳೆದವರು ನಾವು.

"ರೂಟರ್ ನಿಮ್ಮ ಕಡೆ, ಲಿಫ್ಟೂ ನಿಮ್ಮ ಕಡೆ. ಮತ್ತ ನಮ್ಮ ಬ್ಲಾಕಿಗೆ ಏನೈತ್ರಿ?" ಅಂದರು ಬಿ ಬ್ಲಾಕಿನ ನಿವೃತ್ತ ಮಾಸ್ತರರು.

ಕೊನೆಗೆ ಒಂದು ಸೂತ್ರ ಬಂತು. ವರ್ಷವಿಡೀ ಎ ಬ್ಲಾಕಿನಲ್ಲಿರಲಿ, ಡಿಸೆಂಬರ್‌ನಲ್ಲಿ ಹತ್ತು ದಿನ ಬಿ ಬ್ಲಾಕಿಗೆ ಬರಲಿ, ಬೆಳಗಾವಿ ಅಧಿವೇಶನದ ಹಾಗೆ. ಚಪ್ಪಾಳೆ ಬಿತ್ತು. ಅಂಗೈಯಗಲದ ಸಾಮಾನು ಸಾಗಿಸಲು ಐದು ಜನರ ಉಪಸಮಿತಿಯೂ ಆಯ್ತು.

ಎರಡನೇ ಭಾನುವಾರ ನೆಟ್ ಖಾಲಿಯಾಗುವ ಭಯ. ಒಬ್ಬರ ಮಾತಿಗೆ ಸೆಕೆಂಡಿಗೆ 40 ಕಿಲೋಬಿಟ್ ಸಾಕು, ಸರ್ವರ್ ಅದನ್ನು ಉಳಿದ 9 ಮನೆಗೆ ಕಳಿಸಿದರೆ 360 ಅಂತ ಹುಡುಗ ಲೆಕ್ಕ ಕೊಟ್ಟ. ಒಂದು ಸಲಕ್ಕೆ ಒಬ್ಬರೇ ಮಾತಾಡ್ತಾರೆ ಅಂತ ಅವನ ನಂಬಿಕೆ. ಪಾಪ, ಹೊಸಬ. ಅರ್ಧ ಗಂಟೆ ಸಭೆ ನೋಡಿ ಲೆಕ್ಕ ತಿದ್ದಿದ. ಹತ್ತೂ ಜನ ಒಟ್ಟಿಗೆ ಕೂಗಿದರೆ 3600. ರೂಟರಿಗೆ ಅದೂ ಏನಲ್ಲ, ಕಿವಿಗೆ ಮಾತ್ರ ಜಾಸ್ತಿ.

ಹುಬ್ಬಳ್ಳಿಯಲ್ಲಿರುವ ಮನೆ ಮಾಲೀಕರೂ ಸೇರಬೇಕಾದರೆ ರೂಟರಿನಲ್ಲಿ 64738 ನಂಬರಿನ ಪೋರ್ಟ್, ಅಂದರೆ ಹೊರಗಿನಿಂದ ಸರ್ವರಿಗೆ ಬರುವ ದಾರಿ, ತೆರೆಯಬೇಕು ಅಂದ. "ಅದರ ಕೀಲಿ ವಾಚ್‌ಮನ್ ಹತ್ರ ಇರ್ತದೇನು?" ಅಂತ ಕಾರ್ಯದರ್ಶಿ ಕೇಳಿದರು.

ಆಮೇಲೆ ಕರೆಂಟು. ಯಾರ ಮೀಟರಿನಿಂದ? 5 ವ್ಯಾಟ್ ಅಂದರೂ ತಿಂಗಳಿಗೆ 3.6 ಯೂನಿಟ್. ಅದನ್ನು ಹತ್ತು ಮನೆಗೆ ಹಂಚುವ ಚರ್ಚೆಗೆ ಗಿರಮಿಟ್, ಮಿರ್ಚಿ, ಎರಡು ಸಲ ಚಹಾ ಬಂತು. ಆ ದುಡ್ಡಿನಲ್ಲಿ ಸರ್ವರ್ ಒಂದು ವರ್ಷ ಓಡುತ್ತಿತ್ತು, ಆದರೆ ಮಿರ್ಚಿ ಚೆನ್ನಾಗಿತ್ತು.

ಮೂರನೇ ಭಾನುವಾರ ಯಾರೋ ವಾಸ್ತು ತೆಗೆದರು. ದನಿ ಗಾಳಿಯಲ್ಲಿ ಹೋಗುತ್ತದೆ, ಹಾಗಾಗಿ ವಾಯುವ್ಯ ಮೂಲೆಯೇ ಆಗಬೇಕು. ಫೋನಿನಲ್ಲಿ ದಿಕ್ಕು ನೋಡಿದರೆ ವಾಯುವ್ಯ ಅಂದರೆ ಅದೇ ಮೆಟ್ಟಿಲ ಕೆಳಗು! ಮಾಸ್ತರರೂ ಕೈ ಎತ್ತಿದರು. ಹುಡುಗ ಏನೂ ಹೇಳಲಿಲ್ಲ, ಸುಮ್ನೆ ಕೇಬಲ್ ಚುಚ್ಚಿದ.

ಅವತ್ತು ರಾತ್ರಿ ಎಂಟಕ್ಕೆ ಎಲ್ಲರೂ ಅವರವರ ಮನೆಯಲ್ಲಿ ಕೂತು ಫೋನ್ ಹಿಡಿದೆವು. "ಕೇಳಸ್ತದೇನ್ರಿ?" ಅಂತ ಮಾಸ್ತರರು ಕೂಗಿದ್ದು ಮೊದಲು ಕಿಟಕಿಯಿಂದ ಬಂತು, ಆಮೇಲೆ ಫೋನಿನಿಂದ.