ಗಿರಣಗಾಂವ್‌ಗೆ ಈಗ ಜೀವ ಬಂತು ಅನ್ನುವವರಿಗೆ

ಮುಂಬಯಿಯ ಹಳೆಯ ಹತ್ತಿ ಗಿರಣಿಗಳ ಪ್ರದೇಶ ಗಿರಣಗಾಂವ್‌ನ ಲೋವರ್ ಪರೇಲ್ ಈಗ ಎಷ್ಟು ಚೆನ್ನಾಗಿದೆ, ಪಾಳುಬಿದ್ದ ಗಿರಣಿಗಳ ಜಾಗಕ್ಕೆ ಕೊನೆಗೂ ಜೀವ ಬಂತು ಅಂತ ನಮ್ಮ ಸಂಘದ ಗೆಳೆಯರೊಬ್ಬರು ಮೊನ್ನೆ ಗ್ರೂಪಿನಲ್ಲಿ ಬರೆದಿದ್ದರು. ನನಗೆ ಸುಮ್ನೆ ಇರೋಕಾಗಲಿಲ್ಲ.

1850ರ ದಶಕದಲ್ಲಿ ಕಾವಸ್‌ಜಿ ದಾವರ್ ತಾರ್ದೇವ್‌ನಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿ ಕಟ್ಟಿಸಿದರು. ಆಮೇಲೆ ಲಾಲ್‌ಬಾಗ್, ಪರೇಲ್, ವರ್ಲಿ, ಎಲ್ಲಿ ನೋಡಿದರೂ ಚಿಮಣಿ. ರತ್ನಾಗಿರಿ, ಸಾತಾರಾ, ಕೊಲ್ಹಾಪುರದಿಂದ ಬಂದವರು ಚಾಳಿನ (ಸಾಲು ಕೋಣೆಗಳ ವಠಾರದ) ಒಂದೇ ಖೋಲಿಯಲ್ಲಿ ಪಾಳಿ ಪ್ರಕಾರ ಮಲಗುತ್ತಿದ್ದರು. ಅವರಿಗೆ ಊಟ ಹಾಕಲು ಹೆಂಗಸರು ಖಾನಾವಳಿ ನಡೆಸಿದರು. ನಮ್ಮ ಉಡುಪಿ, ಕುಂದಾಪುರದ ಹುಡುಗರು ಹೋಟೆಲಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗಿ ಕಲಿತರು. ಇದು ಜೀವ ಅಲ್ವಾ?

ಅಪ್ಪ ಒಂದು ಗಿರಣಿ ಗೇಟಿನ ಎದುರು ಸಣ್ಣ ಹೋಟೆಲ್ ನಡೆಸುತ್ತಿದ್ದರು. ಭೋಂಗಾ (ಗಿರಣಿಯ ಸೈರನ್) ಆಗುವ ಮೊದಲೇ ಚಹಾದ ಗ್ಲಾಸುಗಳನ್ನು ಸಾಲಾಗಿ ತುಂಬಿಸಿಡಬೇಕಿತ್ತು, ಯಾಕಂದ್ರೆ ಪಾಳಿ ಬಿಟ್ಟರೆ ಎಲ್ಲರೂ ಒಟ್ಟಿಗೇ ನುಗ್ಗುತ್ತಿದ್ದರು, ತಲೆ, ಹುಬ್ಬು, ಮೀಸೆ ಎಲ್ಲ ಹತ್ತಿಯ ಎಳೆ ಅಂಟಿಕೊಂಡು ಬೆಳ್ಳಗೆ. ಉದ್ರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಊರಿನ ಹೆಸರೂ ಇರುತ್ತಿತ್ತು. ಪಗಾರದ ದಿನ ತಾವೇ ಬಂದು ಲೆಕ್ಕ ಚುಕ್ತಾ ಮಾಡುತ್ತಿದ್ದರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು, ಸುಮಾರು 2.5 ಲಕ್ಷ ಜನ ಕೆಲಸ ಬಿಟ್ಟರು. ಅಪ್ಪ ತಿಂಗಳುಗಟ್ಟಲೆ ಉದ್ರಿ ಕೊಟ್ಟರು. ಕೇಳೋಕೆ ಮನಸ್ಸು ಬರಲಿಲ್ಲ, 'ಶೆಟ್ರೇ, ಊರಿಗೆ ಹೋಗಿ ಬರ್ತೇನೆ' ಅಂದವರಲ್ಲಿ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂದೆ ತೆಗೆದುಕೊಂಡಿಲ್ಲ.

ಮುಷ್ಕರ ಮಾಡಿ ತಾವೇ ಹಾಳಾದರು ಅಂತ ಹೇಳುವವರು ಈಗಲೂ ಇದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಂತ್ರಗಳು ಹಳೆಯವಾಗಿದ್ದವು, ಮಾಲೀಕರು ಹೊಸದಕ್ಕೆ ದುಡ್ಡು ಹಾಕಲಿಲ್ಲ, ಮುಂಬಯಿ ಹತ್ತಿರದ ಭಿವಂಡಿಯ ಪವರ್‌ಲೂಮಿನಲ್ಲಿ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು. ಕೊನೆಗೆ ಬಟ್ಟೆಗಿಂತ ನೆಲಕ್ಕೇ ಬೆಲೆ ಜಾಸ್ತಿಯಾಯಿತು.

ಆ ನೆಲ ಸುಮಾರು 600 ಎಕರೆ. 1991ರ ನಿಯಮದ ಪ್ರಕಾರ ಗಿರಣಿ ಜಾಗ ಅಭಿವೃದ್ಧಿ ಮಾಡಿದರೆ ಮೂರರಲ್ಲಿ ಒಂದು ಪಾಲು ಪಾಲಿಕೆಗೆ ಮೈದಾನ, ಉದ್ಯಾನಕ್ಕೆ, ಒಂದು ಪಾಲು ರಾಜ್ಯದ ವಸತಿ ಸಂಸ್ಥೆ ಮ್ಹಾಡಾಗೆ ಮನೆ ಕಟ್ಟಲು, ಉಳಿದದ್ದು ಮಾಲೀಕರಿಗೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ 1996ರಲ್ಲಿ ಈ ಜಾಗಗಳನ್ನು ಒಟ್ಟಿಗೆ ನೋಡಿ ಯೋಜನೆ ಮಾಡಿ ಅಂತ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2001ರಲ್ಲಿ ನಿಯಮ ಬದಲಾಯಿತು: ಇಡೀ ಜಾಗ ಅಲ್ಲ, ಕಟ್ಟಡ ಇಲ್ಲದ ಖಾಲಿ ನೆಲವನ್ನಷ್ಟೇ ಹಂಚಿದರೆ ಸಾಕು. ಗಿರಣಿ ಅಂದ್ರೆ ಬಹುಪಾಲು ಶೆಡ್ಡೇ ತಾನೇ, ಖಾಲಿ ಜಾಗ ಎಷ್ಟಿರುತ್ತೆ? ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ, ಆದರೆ 2006ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಊರಿಗೆ ಸಿಗಬೇಕಿದ್ದ ಮೈದಾನಗಳು ಅಲ್ಲಿಗೇ ಕೈತಪ್ಪಿ ಹೋದವು.

ಅದರ ಫಲ ನಾವೇ ಉಣ್ಣುತ್ತಿದ್ದೇವೆ. ಗಿರಣಿಗಳ ಜಾಗದಲ್ಲಿ ಆಫೀಸು, ಮಾಲು, ಗೋಪುರ ಎದ್ದವು, ರಸ್ತೆ ಮತ್ತು ಸ್ಟೇಷನ್ನಿನ ಸೇತುವೆ ಹಳೆಯವೇ ಉಳಿದವು. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆ ಮೇಲೆ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಮೂರು ತಿಂಗಳಾದ ಮೇಲೆ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ 14 ಜನ.

ಕಾರ್ಮಿಕರಿಗೆ ಮನೆ? 2012ರ ಲಾಟರಿಯಲ್ಲಿ 6,925 ಮನೆ ಹಂಚಿದರು, ಆಮೇಲೆ ಇನ್ನಷ್ಟು ಲಾಟರಿ ನಡೆದವು. ಅರ್ಜಿ ಹಾಕಿದವರು ಲಕ್ಷಕ್ಕೂ ಮೇಲೆ. ಉಳಿದವರಿಗೆ ಮುಂಬಯಿ ಹೊರಗಿನ ಶೇಲು, ವಾಂಗಣಿ ಕಡೆ ಕೊಡ್ತೇವೆ ಅಂತ ಸರ್ಕಾರದವರು ಅನ್ನುತ್ತಾರೆ. ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಅಲ್ಲಿಗೆ ಲೋಕಲ್ಲಿನಲ್ಲಿ ಎರಡು ಗಂಟೆ ಹತ್ತಿರ, ವಯಸ್ಸಾದವರು ಪರೇಲಿನ ಕೆಇಎಮ್ ಆಸ್ಪತ್ರೆಗೆ ಔಷಧಿಗೆ ಬರುವುದು ಹೇಗೆ?

ಹೊಸದು ಬರಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳೂ ಅದೇ ಗೋಪುರಗಳಲ್ಲಿ ಕೆಲಸ ಮಾಡುತ್ತಿದ್ದಾರೆ, ಸಂತೋಷವೇ. ಕಾಳಾಚೌಕಿಯ ಗಿರಣಿಯಲ್ಲಿ ಜವಳಿ ಮ್ಯೂಸಿಯಂ ಮಾಡುವುದೂ ಒಳ್ಳೆಯದೇ. ಆದರೆ ಆ ಯಂತ್ರ ನಡೆಸಿದವರಿಗೆ ಮುಂಬಯಿಯೊಳಗೇ ಮನೆ ಮೊದಲು ಸಿಗಬೇಕು. ನಮ್ಮ ಸಂಘಗಳು ಇದಕ್ಕೆ ದನಿಗೂಡಿಸಬೇಕು, ಅವರ ಪಗಾರದಿಂದಲೇ ನಮ್ಮ ಹೋಟೆಲುಗಳು ನಡೆದದ್ದು.