ಜಪಾನಿಗೆ ಬಂದ ರಾಮ ಕನ್ನಡಕ್ಕೆ ಬರಲಿಲ್ಲ

ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. 2025ರ ಜನವರಿಯಲ್ಲಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಅನ್ನೋ ಅನಿಮೇಷನ್ ಸಿನಿಮಾ ಫೋರ್‌ಕೆಯಲ್ಲಿ ಮಿಂದು ಮಡಿಯಾಗಿ ಮತ್ತೆ ಥಿಯೇಟರಿಗೆ ಬಂತಲ್ಲ, ಆಗ ಅದು ಮಾತಾಡಿದ ಭಾಷೆಗಳು ಇವು. ಆವಾಗ ನಾಲ್ಕು ಬೈದು ಸುಮ್ಮನಾಗಿದ್ದೆ. ಮೊನ್ನೆ ಭಾನುವಾರ ಅಕ್ಕನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮನೇಲಿ ಅದನ್ನೇ ಇನ್ನೊಂದು ಸಲ ನೋಡಿದ ಮೇಲೆ ಹೊಟ್ಟೆ ಉರಿ ತಡೆಯೋಕಾಗ್ತಿಲ್ಲ. ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ನನ್ನ ವಯಸ್ಸಿನೋರಿಗೆ ಈ ಸಿನಿಮಾದ ಪರಿಚಯ ಬೇಕಿಲ್ಲ. ರಜೆ ಬಂದಾಗೆಲ್ಲ ಟೀವೀಲಿ ಹಾಕ್ತಿದ್ರಲ್ಲ, ಆ ಜಪಾನಿ ರಾಮಾಯಣ. ಬೆನ್ನ ಹಿಂದೆ ಬತ್ತಳಿಕೆ, ಮುಖದ ತುಂಬ ಕಣ್ಣು, ಮೈಮೇಲೆ ಒಂದು ಸಿಕ್ಸ್ ಪ್ಯಾಕೂ ಇಲ್ಲದ ರಾಮ. ಈಗಿನ ರಾಮಂದಿರನ್ನ ನೋಡಿದ್ರೆ ಕಾಡಿಗೆ ಹೋಗಿದ್ದು ವನವಾಸಕ್ಕೋ ಜಿಮ್ಮಿಗೋ ಅಂತ ಅನುಮಾನ ಬರುತ್ತೆ. ಇವನು ಹಾಗಲ್ಲ. ಹದಿಹರೆಯದ ಹುಡುಗನ ಹಾಗೆ ಕಾಣ್ತಾನೆ, ವಿಶ್ವಾಮಿತ್ರರ ಹಿಂದೆ ಕಾಡಿಗೆ ಹೊರಟಾಗ 'ಅಯ್ಯೋ, ಇಷ್ಟು ಚಿಕ್ಕವನನ್ನ ಕಳಿಸ್ತಾನಲ್ಲ ಈ ದಶರಥ' ಅಂತ ನಮಗೂ ಅನ್ನಿಸುತ್ತೆ. ಚಿಕ್ಕಂದಿನಲ್ಲಿ ಇಷ್ಟಪಟ್ಟಿದ್ದನ್ನ ದೊಡ್ಡವರಾದ ಮೇಲೆ ನೋಡಬಾರದು, ಮರ್ಯಾದೆ ಹೋಗುತ್ತೆ ಅಂತಾರೆ. ನನಗೂ ಆ ಭಯ ಇತ್ತು. ಎಷ್ಟೋ ಕಾರ್ಟೂನುಗಳನ್ನ ಹಾಗೆ ಮತ್ತೆ ನೋಡಿ ಕಳ್ಕೊಂಡಿದ್ದೀನಿ. ಇದೊಂದು ಹಾಗಾಗಲಿಲ್ಲ. ಪಂಚವಟಿಯ ಮರಗಳ ಸಂದಿನಿಂದ ಬೀಳೋ ಬಿಸಿಲನ್ನ ಯಾರೋ ಕೂತು ಕೈಯಲ್ಲಿ ಬಳಿದಿದ್ದಾರೆ, ಅದು ಕಾಣುತ್ತೆ. ಕುಂಭಕರ್ಣ ಎದ್ದು ನಿಂತಾಗ ಕಪಿಸೇನೆ ಅವನ ಕಾಲ ಬುಡದಲ್ಲಿ ಇರುವೆ ಸಾಲಿನಷ್ಟಾಗುತ್ತಲ್ಲ, ಅಲ್ಲಿ ಈಗಲೂ ನನ್ನ ಎದೆ ಧಸಕ್ ಅಂತು. ಕಂಪ್ಯೂಟರ್ ಗ್ರಾಫಿಕ್ಸಿನ ಕಾಲಕ್ಕೆ ಮುಂಚಿನ ಕೆಲಸ ಸ್ವಾಮಿ ಇದು. ಸುಮಾರು ಒಂದು ಲಕ್ಷ ಚಿತ್ರಗಳನ್ನ ಕೈಯಲ್ಲೇ ಬರೆದಿದ್ದಾರೆ.

ಬರೆದೋರ ಕಥೆ ಇನ್ನೂ ಚೆನ್ನಾಗಿದೆ. ಯುಗೊ ಸಾಕೊ ಅಂತ ಜಪಾನಿನ ಒಬ್ಬ ಮನುಷ್ಯ. 1983ರಲ್ಲಿ ಇಲ್ಲಿಗೆ ಬಂದಿದ್ದು, ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಒಂದು ಸಾಕ್ಷ್ಯಚಿತ್ರದ ಕೆಲಸಕ್ಕೆ. ಹಾಗೆ ಬಂದೋನ ಕಿವಿಗೆ ರಾಮಾಯಣ ಬಿತ್ತು. ಬಿದ್ದಿದ್ದೇ ತಡ, ಊರಿಗೆ ಹೋಗಿ ಜಪಾನಿಯಲ್ಲಿ ಸಿಕ್ಕ ರಾಮಾಯಣಗಳನ್ನೆಲ್ಲ ಓದಿದ. ದೇವರಾಗಿರೋ ಮನುಷ್ಯನ ಪಾತ್ರವನ್ನ ನಟರಿಗಿಂತ ಚಿತ್ರವೇ ಚೆನ್ನಾಗಿ ಹಿಡಿಯುತ್ತೆ ಅಂತ ತೀರ್ಮಾನ ಮಾಡಿದ. ಇಲ್ಲಿ ಏನಾಯ್ತು? 'ವಿದೇಶೀಯನೊಬ್ಬ ನಮ್ಮ ರಾಮಾಯಣವನ್ನ ಮನಸ್ಸಿಗೆ ಬಂದಂಗೆ ಸಿನಿಮಾ ಮಾಡೋ ಹಾಗಿಲ್ಲ' ಅಂತ ವಿಶ್ವ ಹಿಂದೂ ಪರಿಷತ್ತಿನಿಂದ ಜಪಾನ್ ರಾಯಭಾರ ಕಚೇರಿಗೆ ಆಕ್ಷೇಪ ಹೋಯ್ತು. ಸರ್ಕಾರಕ್ಕೂ ವಿಷಯ ಸೂಕ್ಷ್ಮ ಅನ್ನಿಸ್ತು. ಕೊನೆಗೆ ಕೆಲಸ ಮುಖ್ಯವಾಗಿ ಟೋಕಿಯೋದಲ್ಲೇ ನಡೀತು. 1990ರಲ್ಲಿ ಶುರು, ಎರಡೂ ದೇಶದ ಸೇರಿ 450 ಕಲಾವಿದರು. ಕೊಯಿಚಿ ಸಸಾಕಿ ಜೊತೆ ನಮ್ಮ ರಾಮ್ ಮೋಹನ್ ನಿರ್ದೇಶಕರ ಕುರ್ಚಿಯಲ್ಲಿ ಕೂತರು. ಪಂಚೆ ಹೇಗೆ ಉಡ್ತಾರೆ, ಚಿಕ್ಕವರು ದೊಡ್ಡವರ ಆಶೀರ್ವಾದ ಹೇಗೆ ತಗೋತಾರೆ ಅನ್ನೋದನ್ನೆಲ್ಲ ನಮ್ಮ ಕಲಾವಿದರೇ ಅವರಿಗೆ ಹೇಳಿಕೊಟ್ಟಿದ್ದು. ಸಂಗೀತ ವನರಾಜ್ ಭಾಟಿಯಾ ಅವರದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಆ ಜಪಾನಿನೋನು ಪಂಚೆಯ ನಿರಿಗೆ ತಪ್ಪಬಾರದು ಅಂತ ತಲೆ ಕೆಡಿಸ್ಕೊಂಡ. ನಾವು ಪಂಚೆ ಉಟ್ಟೋರು ಅದು ನಮ್ಮ ಮಕ್ಕಳಿಗೆ ಅರ್ಥ ಆಗೋ ಭಾಷೇಲಿ ಇರಲಿ ಅಂತ ಒಂದು ಸಲವೂ ತಲೆ ಕೆಡಿಸ್ಕೊಳ್ಳಲಿಲ್ಲ.

ಸಿನಿಮಾ ಮೊದಲು ಆಗಿದ್ದು ಇಂಗ್ಲಿಷಲ್ಲಿ, ಹಾಡುಗಳು ಸಂಸ್ಕೃತದಲ್ಲಿ. 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಿದ್ರು. ಬಾಬರಿ ಮಸೀದಿ ಕೆಡವಿ ಇನ್ನೂ ಹೊಗೆ ಆರಿರಲಿಲ್ಲ, ಆ ಹೊತ್ತಿನಲ್ಲಿ ರಾಮನ ಕಾರ್ಟೂನನ್ನ ಕೇಳೋರ್‍ಯಾರು? ಆಮೇಲೆ ಹಿಂದಿಗೆ ಹೋಯ್ತು. ಅರುಣ್ ಗೋವಿಲ್ ರಾಮನಾದರು, ಅಮರೀಶ್ ಪುರಿ ರಾವಣನಾದರು, ಕಥೆ ಹೇಳಿದ್ದು ಶತ್ರುಘ್ನ ಸಿನ್ಹಾ. ನಾವು ಟೀವೀಲಿ ನೋಡಿದ್ದು ಅದೇ. ಅಮೆರಿಕದ ಮಕ್ಕಳಿಗೂ ಬೇಕು ಅಂತ ಅಲ್ಲಿಯ ಆವೃತ್ತಿಯೂ ಒಂದಾಯ್ತು. ಅದರಲ್ಲಿ ರಾಮನಿಗೆ ಧ್ವನಿ ಕೊಟ್ಟಿದ್ದು ಬ್ರಯಾನ್ ಕ್ರಾನ್‌ಸ್ಟನ್! ಹೌದು, 'ಬ್ರೇಕಿಂಗ್ ಬ್ಯಾಡ್' ಸೀರಿಯಲ್ಲಿನ ಮೇಷ್ಟ್ರು ವಾಲ್ಟರ್ ವೈಟ್. ವಾಲ್ಟರ್ ವೈಟ್ ರಾಮ ಆಗಬಹುದು, ಕನ್ನಡದೋರು ಯಾರೂ ಆಗೋ ಹಾಗಿಲ್ಲ.

ನನ್ನ ಹಿಂದಿ ಎಷ್ಟು ಚೆಂದ ಅಂತ ನಿಮಗೆಲ್ಲ ಗೊತ್ತು. ಈಗಲೇ ಹಿಂಗೆ ಅಂದ್ರೆ ಆಗ ಹೇಗಿದ್ದಿರಬೇಕು ಯೋಚಿಸಿ. ನಾನು ಇದನ್ನ ಮೊದಲು ನೋಡಿದ್ದು ಕ್ಲಾಸ್‌ಮೇಟ್ ಒಬ್ಬನ ಮನೇಲಿ. ಅವರು ಹಿಂದಿ ಮಾತಾಡೋ ಜನ. ಹನುಮಂತ ಏನೋ ಅಂದ, ಅವನು ನಕ್ಕ, ಅವನ ತಂಗಿ ನಕ್ಕಳು, ಆಮೇಲೆ ನಾನು ನಕ್ಕೆ. ಇಡೀ ಸಿನಿಮಾ ಹಾಗೇ ನಡೀತು. ಅವರ ಮುಖ ನೋಡೋದು, ಅವರು ನಕ್ಕರೆ ನಗೋದು, ಅವರು ಗಂಭೀರ ಆದರೆ ಬಾಯಿ ಮುಚ್ಕೊಳ್ಳೋದು. ಅದನ್ನ ಇಲ್ಲೀವರೆಗೆ ಯಾರಿಗೂ ಹೇಳಿರಲಿಲ್ಲ, ಮನೇಲೂ ಹೇಳಿಲ್ಲ. ಹೇಳೋಕೆ ಏನಿತ್ತು? ನಮ್ಮ ರಾಮನ ಕಥೆ ನನಗೆ ಅರ್ಥ ಆಗಲಿಲ್ಲ ಅಂತಲಾ? ಇವತ್ತಿಗೂ ನನ್ನ ತಲೆಯೊಳಗಿನ ರಾವಣ ಅಮರೀಶ್ ಪುರಿ ಧ್ವನೀಲಿ ಹಿಂದಿ ಮಾತಾಡ್ತಾನೆ. ಒಳ್ಳೇ ಧ್ವನಿಯೇ, ಕಂಪ್ಲೇಂಟ್ ಇಲ್ಲ. ಆದರೆ ವಜ್ರಮುನಿಯವರು ಬದುಕಿದ್ದ ಕಾಲ ಅದು, ನೆನಪಿರಲಿ. ಆ ಗುಡುಗು ಇಲ್ಲೇ ಇತ್ತು, ರಾವಣನೂ ರೆಡಿ ಇದ್ದ, ಇಬ್ಬರನ್ನ ಒಂದು ಮೈಕಿನ ಮುಂದೆ ಕೂರಿಸೋರು ಮಾತ್ರ ಇರಲಿಲ್ಲ. ಆ ಒಂದು ದೃಶ್ಯ ನೆನೆಸ್ಕೊಂಡ್ರೆ ಈಗಲೂ ನಿದ್ದೆ ಬರಲ್ಲ ನನಗೆ.

ಈಗ ಭಾನುವಾರದ ವಿಷಯ. ಆ ಹುಡುಗಿಗೆ ಇನ್ನೂ ಒಂದನೇ ಕ್ಲಾಸು. ಮನೇಲಿ ಕನ್ನಡ, ಸ್ಕೂಲಲ್ಲಿ ಅರ್ಧಂಬರ್ಧ ಇಂಗ್ಲಿಷ್. ಸಿನಿಮಾ ಶುರುವಾಗಿ ಐದು ನಿಮಿಷ ಆಗಿಲ್ಲ, 'ಮಾಮ, ಏನಂದ ಅವ್ನು?' ಸರಿ, ಹೇಳಿದೆ. 'ಇವ್ರು ಏನಂದ್ರು?' ಅದನ್ನೂ ಹೇಳಿದೆ. ಆಮೇಲೆ ಕೇಳೋ ತನಕ ಕಾಯೋದು ಯಾಕೆ ಅಂತ ನಾನೇ ಡಬ್ಬಿಂಗ್ ಶುರು ಹಚ್ಕೊಂಡೆ. ದಶರಥನಿಂದ ಹಿಡಿದು ಶೂರ್ಪನಖಿ ತನಕ ಎಲ್ಲರೂ ನಾನೇ. ನನಗಂತೂ ಭಾರೀ ಖುಷಿ. ಎಡವಟ್ಟಾಗಿದ್ದು ಚಿನ್ನದ ಜಿಂಕೆ ಬಂದಾಗ. ಮಾರೀಚ ಸಾಯೋ ಮುಂಚೆ ರಾಮನ ಧ್ವನೀಲಿ ಕೂಗ್ತಾನಲ್ಲ, 'ಹಾ ಸೀತೆ, ಹಾ ಲಕ್ಷ್ಮಣ' ಅಂತ? ನಾನೂ ಕೂಗಿದೆ, ನನಗೆ ಬಂದಷ್ಟು ಆರ್ತವಾಗಿ. ಅವಳು ನನ್ನ ಮುಖ ನೋಡಿ, 'ರಾಮ ಕೂಗಿದ್ನಾ, ಜಿಂಕೆ ಕೂಗ್ತಾ? ಎಲ್ರೂ ನಿನ್ ಥರಾನೇ ಮಾತಾಡ್ತಾರೆ' ಅಂದ್ಲು.

ಮುಗೀತಲ್ಲ ಕಥೆ! ರಾಮಾಯಣ ಮಗ್ಗುಲು ಬದಲಿಸೋ ಜಾಗ ಅದು. ಒಂದು ಧ್ವನಿ ಇನ್ನೊಂದರ ಹಾಗೆ ಕೇಳಿಸಿದ್ದಕ್ಕೆ ಲಕ್ಷ್ಮಣ ಓಡಿದ್ದು, ಸೀತೆ ಒಬ್ಬಳೇ ಉಳಿದಿದ್ದು, ರಾವಣ ಬಂದಿದ್ದು. ಅಲ್ಲಿ ಎಲ್ಲ ಧ್ವನಿಯೂ ಮಾಮಂದೇ ಆದ್ರೆ ಮೋಸ ಹೇಗೆ ತಿಳಿಯಬೇಕು ಮಗುವಿಗೆ? ಸಿನಿಮಾ ನಿಲ್ಲಿಸಿ ವಿವರಿಸಿದೆ. ಕೇಳಿಸ್ಕೊಂಡಳು, ಆದರೆ ಹೆದರಲಿಲ್ಲ. ಹೆದರಬೇಕಿತ್ತು ಕಣ್ರೀ ಅಲ್ಲಿ. ವಿವರಣೆ ಕೇಳಿ ಯಾರಾದ್ರೂ ಹೆದರ್ತಾರಾ?

ಮುಂದೆ ಯುದ್ಧದಲ್ಲಿ, ಸತ್ತವರನ್ನೆಲ್ಲ ನೋಡಿ ರಾಮ ಕುಗ್ಗಿ ಹೋಗೋ ಒಂದು ಭಾಗ ಇದೆ. ಗೆದ್ದೇ ಗೆಲ್ತೀನಿ ಅಂತ ಎದೆ ತಟ್ಕೊಳ್ಳೋ ವೀರರ ಸಿನಿಮಾಗಳನ್ನೇ ನೋಡ್ತಿರೋ ಈ ಕಾಲದಲ್ಲಿ ಅದೊಂದು ಅಪರೂಪ. ಅಲ್ಲಿ ನಾನು ಬಾಯಿ ಬಿಡಲಿಲ್ಲ, ಬಿಟ್ಟಿದ್ರೆ ಹಾಳಾಗ್ತಿತ್ತು. ಹಾಗಾಗಿ ಅವಳಿಗೆ ಆ ಮಾತುಗಳು ಸಿಗಲಿಲ್ಲ. ಸಿನಿಮಾದ ಅತಿ ಒಳ್ಳೇ ಜಾಗ, ಮಗು ದಿಂಬಿನ ಜಿಪ್ ಎಳೀತಾ ಕೂತಿತ್ತು.

ಇದನ್ನ ಹೇಳಿದಾಗ ಬರೋ ಮೊದಲ ಉತ್ತರ: 'ರಾಮಾಯಣ ಯಾರಿಗೆ ಗೊತ್ತಿಲ್ಲ? ಭಾಷೆ ಯಾವುದಾದ್ರೇನು?' ಕಥೆ ಗೊತ್ತಿದ್ರೆ ಸಾಕು ಅನ್ನೋದಾದ್ರೆ ಕುಮಾರವ್ಯಾಸ ಯಾಕೆ ಭಾರತ ಬರೆದ, ಕುವೆಂಪು ಯಾಕೆ 'ಶ್ರೀ ರಾಮಾಯಣ ದರ್ಶನಂ' ಬರೆದರು? ಎಲ್ಲರಿಗೂ ಗೊತ್ತಿದ್ದ ಕಥೆಯೇ ಅಲ್ವಾ? ಎರಡನೇ ಉತ್ತರ ಇನ್ನೂ ರುಚಿಯಾಗಿರುತ್ತೆ: 'ಹಿಂದಿ ಕಲಿತಂಗಾಗುತ್ತೆ ಬಿಡಿ.' ಓಹೋ. ತಮಿಳು ಮಗು ತಮಿಳಲ್ಲಿ ನೋಡಿ ಅಳಬಹುದು, ತೆಲುಗು ಮಗು ತೆಲುಗಲ್ಲಿ ನೋಡಿ ಹೆದರಬಹುದು, ನಮ್ಮ ಮಗುವಿಗೆ ಮಾತ್ರ ಅದು ಟ್ಯೂಷನ್ನು.

ಇನ್ನು ಡಬ್ಬಿಂಗ್ ವಿರೋಧ. ಈ ಮಾತು ಎತ್ತಿದ ಕೂಡಲೇ ಕೆಲವರು ನನ್ನ ಅನ್‌ಫ್ರೆಂಡ್ ಮಾಡ್ತೀರಿ, ಮಾಡಿ. ಅರವತ್ತರ ದಶಕದಲ್ಲಿ ಅ.ನ.ಕೃ., ರಾಜ್‌ಕುಮಾರ್ ಅವರಂಥವರು ಡಬ್ಬಿಂಗ್ ಬೇಡ ಅಂತ ನಿಂತಿದ್ದಕ್ಕೆ ಕಾರಣ ಇತ್ತು. ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೋಗಳ ನೆರಳಲ್ಲಿ ಉಸಿರಾಡ್ತಿದ್ದ ಕಾಲ. ಬಾಗಿಲು ಹಾಕದಿದ್ರೆ ನಮ್ಮ ಕಲಾವಿದರು, ತಂತ್ರಜ್ಞರು ಬೀದಿಗೆ ಬರ್ತಿದ್ರು. ಒಪ್ಪಿದೆ, ಕೈ ಮುಗಿದೆ. ಆದರೆ ಒಂದು ಕಾರ್ಟೂನ್ ರಾಮಾಯಣ ಕನ್ನಡ ಮಾತಾಡಿದ್ರೆ ಯಾರ ಅನ್ನ ಹೋಗ್ತಿತ್ತು ಹೇಳಿ. ಇಲ್ಲಿ ಯಾರಾದ್ರೂ ಅಷ್ಟು ದೊಡ್ಡ ಅನಿಮೇಷನ್ ಸಿನಿಮಾ ಮಾಡಿ ಕನ್ನಡದಲ್ಲಿ ಇಟ್ಕೊಂಡು ಕೂತಿದ್ರಾ? ಬಾಗಿಲು ಹಾಕಿದ್ದು ಕಳ್ಳರಿಗೆ, ಒಳಗೆ ಬರಲಾರದೆ ನಿಂತಿದ್ದು ನಮ್ಮ ಮಕ್ಕಳು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಹೇಳಿ ದಂಡ ಹಾಕೋ ತನಕ ಈ ಬೀಗ ಅಲುಗಾಡಲಿಲ್ಲ. ಅಷ್ಟೊತ್ತಿಗೆ ನಮ್ಮ ತಲೆಮಾರಿನ ಬಾಲ್ಯ ಮುಗಿದು, ಮದುವೆಯಾಗಿ, ಇಎಂಐ ಶುರುವಾಗಿತ್ತು.

'ಕನ್ನಡ ಡಬ್ಬಿಂಗ್ ಕೇಳೋಕಾಗಲ್ಲ ಮಾರಾಯ, ನಾಟಕದ ಥರ ಇರುತ್ತೆ' ಅನ್ನೋರಿದ್ದಾರೆ. ಇರಬಹುದು. ಐವತ್ತು ವರ್ಷ ಮಾಡದ ಕೆಲಸ ಮೊದಲ ಸಲಕ್ಕೇ ನುಣುಪಾಗಿ ಬರುತ್ತಾ? 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಬಂದಾಗ ಮನೆ ಮನೆಯಲ್ಲೂ ಕೂತು ನೋಡಿದ್ರಲ್ಲ, ಯಾರ ಕಿವಿಯೂ ಉದುರಿ ಬೀಳಲಿಲ್ಲ. ಇನ್ನೂ ಹೊಟ್ಟೆ ಉರಿಸೋ ವಿಷಯ ಅಂದ್ರೆ, ಈ ರಾಮಾಯಣ ಕನ್ನಡ ಇಲ್ಲದೆ ಬಂದುಹೋದ ಅದೇ 2025ರ ಜುಲೈನಲ್ಲಿ 'ಮಹಾವತಾರ್ ನರಸಿಂಹ' ಬಂತು. ಅದೂ ಅನಿಮೇಷನ್ನೇ, ಅದೂ ಪುರಾಣವೇ, ಮತ್ತು ಅದು ಕನ್ನಡದಲ್ಲೂ ಇತ್ತು. ಪ್ರಹ್ಲಾದ ಕನ್ನಡದಲ್ಲಿ ಮಾತಾಡಿದ, ಮಕ್ಕಳು ಹೋಗಿ ನೋಡಿದ್ರು. ಅಂದ್ರೆ ಆಗದ ಕೆಲಸ ಏನಲ್ಲ ಇದು. ಯಾರೋ ಒಬ್ಬರು ಲೆಕ್ಕ ಹಾಕುವಾಗ ಕನ್ನಡದ ಮುಂದೆ ಸೊನ್ನೆ ಬರ್ಕೊಂಡಿದ್ದಾರೆ, ಅಷ್ಟೇ. ನಾವೂ ಹಿಂದಿಯಲ್ಲೋ ಇಂಗ್ಲಿಷಲ್ಲೋ ನೋಡಿ ಟಿಕೆಟ್ ದುಡ್ಡು ಕೊಟ್ಟು ಆ ಸೊನ್ನೆ ಸರಿ ಅಂತ ಸಹಿ ಹಾಕಿ ಬಂದ್ವಿ.

ಇದರಲ್ಲಿ ದೊಡ್ಡ ಖರ್ಚಿನ ಬಾಬತ್ತೂ ಇಲ್ಲ. ಚಿತ್ರ ಹೊಳೆಯೋ ಹಾಗೆ ತಿದ್ದಿಟ್ಟಿದ್ದಾರೆ. ಹಾಡು ಸಂಸ್ಕೃತದಲ್ಲಿದೆ, ಮುಟ್ಟೋದೇ ಬೇಡ, ಹಾಗೇ ಬಿಡಿ. ಬೇಕಾಗಿರೋದು ಮಾತು ಮಾತ್ರ. ಮಾತಿಗೆ ಬರ ಇರೋ ನಾಡಾ ನಮ್ಮದು? ವೇಷ ಇಲ್ಲ, ಕುಣಿತ ಇಲ್ಲ, ಬರೀ ಶಾಲು ಹೊದ್ಕೊಂಡು ಕೂತು, ಮಾತಿನಲ್ಲೇ ರಾತ್ರಿಯೆಲ್ಲ ವಾಲಿಯನ್ನೂ ರಾವಣನನ್ನೂ ಎದುರಿಗೆ ನಿಲ್ಲಿಸೋ ತಾಳಮದ್ದಳೆ ಇರೋದು ನಮ್ಮಲ್ಲಿ. ಬಾಣ ಬಿಟ್ಟ ರಾಮನನ್ನ ವಾಲಿ ಕೇಳೋ ಪ್ರಶ್ನೆಗಳನ್ನ ಒಬ್ಬ ಒಳ್ಳೇ ಅರ್ಥಧಾರಿಯ ಬಾಯಲ್ಲಿ ಕೇಳಿ ಒಮ್ಮೆ, ರಾಮನ ಪರ ನಿಲ್ಲೋದೋ ಬೇಡವೋ ಅಂತ ನಿಮಗೇ ಗೊಂದಲ ಆಗುತ್ತೆ. ಅಂಥವರನ್ನ ಇಟ್ಕೊಂಡು ನಾವು ಜಪಾನಿನ ರಾವಣನಿಗೆ ಕನ್ನಡ ಬರಲ್ಲ ಅಂತ ಕೂತಿದ್ದೀವಿ.

ಹಕ್ಕು ಯಾರ ಹತ್ರ ಇದೆಯೋ ಅವರಿಗೆ ಒಂದು ಇಮೇಲ್ ಬರೆದು ಇಟ್ಟಿದ್ದೀನಿ, ನಾಳೆ ಕಳಿಸ್ತೀನಿ. ಸಹಿ ಹಾಕೋರು ಹೇಳಿ, ಹೆಸರು ಸೇರಿಸ್ತೀನಿ. ಒಂದೇ ಷರತ್ತು ಬರೆದಿದ್ದೀನಿ: ರಾಮನ ಧ್ವನಿಗೆ ದಯವಿಟ್ಟು ಸ್ಟಾರ್‌ಗಳನ್ನ ಕರೀಬೇಡಿ. ಅವರು ಬಂದ್ರೆ ಶಿವಧನುಸ್ಸು ಮುರಿಯೋ ಮುಂಚೆ ಒಂದು ಪಂಚ್ ಡೈಲಾಗ್ ಹೊಡೀತಾರೆ.